ಟೈರು ಅಂಗಡಿಯ ಕ್ಯಾಲೆಂಡರು

ಪೂಜಾವಸ್ತ್ರ ಇಡುವ ಕೋಣೆಯ ಮೊಳೆಗೆ ತೂಗುತ್ತಿರುವುದು
ಟೈರು ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು.
ಅದರಲ್ಲಿ ಸಂತರಿಲ್ಲ. ಕುದುರೆ ರೇಸಿನ ದಿನ ಮಾತ್ರ ಕೆಂಪಗಿದೆ.
ಮಿಕ್ಕದ್ದನ್ನು ನಾನು ತುಂಬಬೇಕು, ಪ್ರತಿ ಡಿಸೆಂಬರಿನ ಧಗೆಯಲ್ಲಿ,
ಮೊಂಡು ಪೆನ್ಸಿಲಿನಿಂದ, ಚೌಕದೊಳಗೆ ಚೌಕದೊಳಗೆ.

ಪರ್ತ್‌ನಿಂದ ಮುನ್ನೂರು ಕಿಲೋಮೀಟರು, ಗೋಧಿಯ ಊರು.
ನನ್ನ ಕೆಲಸ ಸಣ್ಣದು: ಗಂಟೆ ಹೊಡಿ, ಮೇಣ ಕೆರೆ,
ಯಾವ ಭಾನುವಾರ ಯಾರನ್ನು ನೆನೆಯಬೇಕೆಂದು ಪಾದರಿಗೆ ಚೀಟಿ ಕೊಡು.
ನಲವತ್ತು ವರ್ಷ ರೈಲ್ವೆ ಸಿಗ್ನಲ್ ಕಾದವನು;
ಯಾವುದು ಎಷ್ಟು ಹೊತ್ತಿಗೆ ಬರಬೇಕು, ಗೊತ್ತು.
ಯಾಕೆ ಬರಲಿಲ್ಲ ಅಂತ ಕೇಳುವುದು ನನ್ನ ಇಲಾಖೆಯಲ್ಲ.

ಫೆಬ್ರವರಿ ಹದಿಮೂರು, ಸಂಸತ್ತು ಕ್ಷಮೆ ಕೇಳಿದ ದಿನ.
ಮೇ ಇಪ್ಪತ್ತಾರು, ಕಿತ್ತುಕೊಂಡ ಮಕ್ಕಳ ದಿನ.
ಜೂನ್ ಇಪ್ಪತ್ತು ನಿರಾಶ್ರಿತರದು.
ಜುಲೈಯ ಮೊದಲ ಭಾನುವಾರ ಈ ನೆಲದ ಮೂಲದವರದು:
ಬಲಿಪೀಠದ ಮುಂದೆ ನೂಂಗಾರ್ ಹುಡುಗರು ಹಸಿ ನೀಲಗಿರಿ ಎಲೆ ಸುಡುತ್ತಾರೆ,
ಮುಂದಿನ ಸಾಲಿನ ಜಮೀನುದಾರರು ಕೆಮ್ಮುತ್ತಾರೆ,
ಧೂಪಕ್ಕೆ ಎಂದೂ ಕೆಮ್ಮದವರು.

ಈ ಸಲ ಬರೆಯುತ್ತ ಕೂತಿದ್ದಾಗ ಓಲ್ವಿನ್ ಬಂದಳು, ಊರಿಗೆಲ್ಲ ಆಂಟಿ,
ಊರುಗೋಲನ್ನು ಬಾಗಿಲಿಗೆ ಒರಗಿಸಿ.
ಹಿಂದೆಯೇ ಸೇ ಮೇ, ಕುರಿ ಕೊಯ್ಯುವ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ,
ಮರಗಟ್ಟಿದ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು.

"ನಮ್ಮ ಹುಟ್ಟುಹಬ್ಬ ಬರಿ" ಅಂದಳು ಓಲ್ವಿನ್.
ನಿಂದು ಯಾವತ್ತು?
"ಜನವರಿ ಒಂದು."
ಇವಳದು?
"ಜನವರಿ ಒಂದು."
ಇಬ್ಬರೂ ನಕ್ಕರು, ನನ್ನನ್ನು ಹೊರಗಿಟ್ಟು.

ಗಡಿಯಾಚೆಯ ಶಿಬಿರದಲ್ಲಿ, ಅಂದಳು ಸೇ ಮೇ,
ಬಿದಿರು ಮೇಜಿನ ಹಿಂದೆ ಕೂತವನು ಅವ್ವನನ್ನು ಕೇಳಿದ: ಕೂಸು ಹುಟ್ಟಿದ್ದು ಎಂದು?
ಎಳ್ಳು ಕೊಯ್ಯುವಾಗ, ಸಿಪಾಯಿಗಳು ಎರಡನೇ ಸಲ ಬರುವುದಕ್ಕೆ ಮುಂಚೆ,
ಅಂದಳಂತೆ ಅವ್ವ.
ಅಷ್ಟುದ್ದದ್ದು ಆ ಕಾಲಮ್ಮಿನಲ್ಲಿ ಹಿಡಿಸಲಿಲ್ಲ.
ಜನವರಿ ಒಂದು ಹಿಡಿಸಿತು.
ಗಂಡನಿಗೂ, ಗಂಡನ ಅಣ್ಣನಿಗೂ, ಆ ಓಣಿಯ ಮುಕ್ಕಾಲು ಪಾಲಿಗೂ
ಅದೇ ಹಿಡಿಸಿತು.

ಓಲ್ವಿನ್ ಏನೂ ಹೇಳಲಿಲ್ಲ. ಅವಳದು ಮಿಷನ್ನಿನ ದಪ್ಪ ಪುಸ್ತಕದಲ್ಲಿದೆ.
ಆ ಪುಟ ನಾನು ನೋಡಿದ್ದೇನೆ.
ಹೆಣ್ಣು. ಸುಮಾರು ನಾಲ್ಕು ವರ್ಷ. ನದಿಯ ಕಡೆಯಿಂದ ತಂದದ್ದು.
ಹುಟ್ಟಿದ ದಿನ, ಜನವರಿ ಒಂದು.
ತಾಯಿ, ಒಂದು ಗೆರೆ.
ಎಂಥ ಅಕ್ಷರ ಅಂತೀರಿ! ಪೋಣಿಸಿಟ್ಟ ಮುತ್ತು.
ಕೆಳಗೆ ರುಜು ಸಿಸ್ಟರ್ ಕ್ಲೋಟಿಲ್ಡಾ ಅವರದು, ನನ್ನ ಅಪ್ಪನ ಅಕ್ಕ,
ಕ್ರಿಸ್‌ಮಸ್ಸಿಗೆ ತಪ್ಪದೆ ಅಂಚೆಯಲ್ಲಿ ಕರವಸ್ತ್ರ ಕಳಿಸುತ್ತಿದ್ದವಳು,
ನನ್ನ ಹುಟ್ಟಿದ ದಿನವನ್ನು
ಒಂದು ವರ್ಷವೂ ಮರೆಯದವಳು.

ಹನ್ನೊಂದು ವರ್ಷದಿಂದ ಹೇಳಬೇಕು ಅಂತಿದೆ ಓಲ್ವಿನ್‌ಗೆ.
ಪೂಜೆ ಮುಗಿದ ಮೇಲೆ ಎದುರು ನಿಲ್ಲುತ್ತೇನೆ,
ಚಹಕ್ಕೆ ಸಕ್ಕರೆ ಎಷ್ಟು ಅಂತ ಕೇಳುತ್ತೇನೆ.
ಎರಡು ಚಮಚ. ಯಾವತ್ತೂ ಎರಡೇ.

ಜನವರಿ ಒಂದರ ಚೌಕ ಖಾಲಿಯಿಲ್ಲ, ಅಂದೆ,
ಅಲ್ಲಿ ಆಗಲೇ ದೇವಮಾತೆಯ ಹಬ್ಬವಿದೆ.
"ಸ್ವಲ್ಪ ಜರುಗುತ್ತಾಳೆ ಬಿಡು" ಅಂದಳು ಓಲ್ವಿನ್,
"ತಲೆ ಎಣಿಸುವವರ ಸಲುವಾಗಿ ತುಂಬು ಬಸುರಿನಲ್ಲಿ ನಡೆದವಳು,
ಕೂಸು ಕಟ್ಟಿಕೊಂಡು ರಾತ್ರೋರಾತ್ರಿ ಗಡಿ ದಾಟಿದವಳು.
ಅವಳಿಗೇನು ಹೊಸದಾ ಇಕ್ಕಟ್ಟು?"

ಬರೆದೆ. ಒಂದರ ಕೆಳಗೆ ಒಂದು, ಎರಡು ಹೆಸರು.
ಸೇ ಮೇ ಪೆನ್ಸಿಲು ಇಸಕೊಂಡು, ಚೌಕದ ಹೊರಗೆ,
ಟೈರಿನ ಚಿತ್ರದ ಮೇಲೆ, ನಾನು ಓದಲಾರದ ಲಿಪಿಯಲ್ಲಿ ಏನೋ ಗೀಚಿದಳು.
ಎಳ್ಳು, ಅಂದಳು.

ಓಲ್ವಿನ್ ಕನ್ನಡಕ ಏರಿಸಿ ತನ್ನ ಹೆಸರನ್ನು ಬಹಳ ಹೊತ್ತು ನೋಡಿದಳು.
"ಚಂದ ಬರೀತೀಯ" ಅಂದಳು. "ನಿಮ್ಮ ಮನೆತನದ ಕೈ."

ಪೆನ್ಸಿಲಿನ ಮೊನೆ ಮುರಿದಿತ್ತು. ಚಾಕು ಹುಡುಕಲು ಬೆನ್ನು ತಿರುಗಿಸಿದೆ.
ಹುಡುಕುತ್ತಲೇ ಇದ್ದೆ, ಮೇಣ, ಬೆಂಕಿಪೊಟ್ಟಣ, ಹಳೇ ಜಪಸರಗಳ ನಡುವೆ.

"ಮೇಲಿನ ಖಾನೆ" ಅಂದಳು ಓಲ್ವಿನ್.